ಅಮ್ಮ ನೆಟ್ಟ ಬೋಗನ್‌ವಿಲ್ಲಾ ಕುಂಡಕ್ಕೆ ಬಂದೀತಾ?

ಪ್ರಶ್ನೆ: ಮೈಸೂರಿನಲ್ಲಿರುವ ನಮ್ಮ ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಗೇಟಿನ ಪಕ್ಕ ಅಮ್ಮ ನೆಟ್ಟ ಬೋಗನ್‌ವಿಲ್ಲಾ ಇದೆ. ಮೂವತ್ತು ವರ್ಷ ಆಗಿರಬಹುದು, ಬುಡ ತೊಡೆಯಷ್ಟು ದಪ್ಪ. ಮಾರ್ಚ್ ಕೊನೆಗೆ ಜೆಸಿಬಿ ಬರುತ್ತದೆ. ಅದನ್ನು ಬೋನ್ಸಾಯ್ ಮಾಡಿ ಉಳಿಸಿಕೊಳ್ಳಬಹುದಾ?

ಉತ್ತರ: ಖಂಡಿತ ಪ್ರಯತ್ನ ಮಾಡಿ, ಕಾಲವೂ ಕೂಡಿ ಬಂದಿದೆ. ಬೋಗನ್‌ವಿಲ್ಲಾ ಸೆಕೆಯ ಗಿಡ. ಚಳಿಯಲ್ಲಿ ಕಿತ್ತರೆ ಮಂಕಾಗಿ ಕೂತುಬಿಡುತ್ತದೆ, ಜಡಿಮಳೆಯಲ್ಲಿ ಕಿತ್ತರೆ ಗಾಯ ಕೊಳೆಯುತ್ತದೆ. ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವ ತನಕ ಅದಕ್ಕೆ ಹೇಳಿ ಮಾಡಿಸಿದ ಸಮಯ.

ಮೊದಲಿಂದಲೂ ಚಿಕ್ಕ ಕುಂಡದಲ್ಲೇ ಬೆಳೆದ ಸಸಿಗೆ ತೊಡೆ ಗಾತ್ರದ ಬುಡ ಬರುವುದೇ ಇಲ್ಲ ಅನ್ನಬಹುದು. ಬೇರು ಹರಡಲು ಜಾಗ ಸಿಕ್ಕಷ್ಟೂ ಬುಡ ದಪ್ಪಗಾಗುತ್ತದೆ. ನಿಮ್ಮ ಅಮ್ಮನ ಗಿಡ ಮೂವತ್ತು ವರ್ಷ ನೆಲದಲ್ಲಿ ಉಂಡು ಬೆಳೆದಿದೆ. ದುಡ್ಡು ಕೊಟ್ಟರೂ ಸಿಗದ ಆ ವಯಸ್ಸು ನಿಮ್ಮ ಗೇಟಿನ ಪಕ್ಕ ಸುಮ್ನೆ ನಿಂತಿದೆ. ಇಂಥ ಬುಡಗಳು ಕಟ್ಟಡದ ಕಸದ ಜೊತೆ ಟ್ರ್ಯಾಕ್ಟರ್ ಹತ್ತುವುದನ್ನು ನೋಡಿದಾಗಲೆಲ್ಲ ನನಗೆ ಕರುಳು ಚುರ್ ಅನ್ನುತ್ತದೆ.

ಗರಗಸ ಆಮೇಲೆ. ಮೊದಲು ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣನ್ನು ಕೈಯಿಂದ ಬಿಡಿಸಿ. ಹಳೆ ತೋಟಗಳಲ್ಲಿ ವರ್ಷ ವರ್ಷ ಗೊಬ್ಬರ, ಮಣ್ಣು ಹಾಕಿ ಹಾಕಿ ಬುಡ ಎರಡು ಮೂರು ಇಂಚು ಹೂತುಹೋಗಿರುತ್ತದೆ. ಬೇರು ಕವಲೊಡೆದು ಹರಡುವ ಆ ಜಾಗ ಇದೆಯಲ್ಲ, ಜಪಾನಿನವರು ಅದಕ್ಕೆ ನೆಬಾರಿ ಅನ್ನುತ್ತಾರೆ. ಮರಕ್ಕೆ ಮುದಿತನದ ಕಳೆ ಕೊಡುವುದು ಅದೇ. ಅದು ಕಂಡ ಮೇಲೇ ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಅಂತ ತೀರ್ಮಾನ ಮಾಡಿ. ನಿಮ್ಮ ಗಿಡಕ್ಕೆ ನೆಲದಿಂದ ಒಂದೂವರೆ ಅಡಿ ಸಾಕು. ಬೇಕಾದ್ದಕ್ಕಿಂತ ಎರಡಿಂಚು ಜಾಸ್ತಿ ಬಿಡಿ, ಕತ್ತರಿಸಿದ ತುದಿ ಸ್ವಲ್ಪ ಒಣಗಿ ಹಿಂದಕ್ಕೆ ಬರುತ್ತದೆ.

ಬೋಗನ್‌ವಿಲ್ಲಾ ಕಾಂಡ ನೋಡಲು ಗಟ್ಟಿ, ಒಳಗೆ ಮೆದು. ಗಾಯಕ್ಕೆ ನೀರು ಇಳಿದರೆ ಕ್ರಮೇಣ ಟೊಳ್ಳಾಗುತ್ತದೆ. ಅಡಿಕೆ ತೋಟದವರಿಗೆ ಗೊತ್ತಿರುವ ಬೋರ್ಡೋ ಮುಲಾಮು ಇದಕ್ಕೆ ಒಳ್ಳೆಯ ಮದ್ದು. ನೂರು ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣ ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕದಡಿ, ಆಮೇಲೆ ಸೇರಿಸಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಕಬ್ಬಿಣದ್ದು ಬೇಡ.

ಜೆಸಿಬಿಯವರು "ಒಂದೇ ಏಟಿಗೆ ಎತ್ತಿಕೊಡ್ತೀನಿ ಸಾರ್" ಅಂತಾರೆ. ದಯವಿಟ್ಟು ಬೇಡ ಅನ್ನಿ. ಈ ಗಿಡದ ಬೇರು ಗಜ್ಜರಿಯ ಹಾಗೆ, ಎಳೆದರೆ ಪಟ್ಟನೆ ಮುರಿಯುತ್ತದೆ, ಸಿಪ್ಪೆ ಸುಲಿಯುತ್ತದೆ. ಜೆಸಿಬಿಗಿಂತ ಒಂದು ವಾರ ಮುಂಚೆಯೇ ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಗುಂಡಿ ತೋಡಿಸಿ. ದಪ್ಪ ಬೇರುಗಳನ್ನು ಹರಿತ ಗರಗಸದಿಂದ ನೀಟಾಗಿ ಕತ್ತರಿಸಿ, ಇಬ್ಬರು ಸೇರಿ ಎತ್ತಿ.

ನೇರ ಬೋನ್ಸಾಯ್ ತಟ್ಟೆಗೆ ಹಾಕಬೇಡಿ. ಒಂದು ದೊಡ್ಡ ಟಬ್ ಅಥವಾ ಅರ್ಧ ಡ್ರಮ್ ತಂದು ತಳಕ್ಕೆ ಚೆನ್ನಾಗಿ ತೂತು ಹಾಕಿ. ಕಡಲೆ ಕಾಳಿನಷ್ಟು ಒಡೆದ ಇಟ್ಟಿಗೆ ಚೂರು ಅರ್ಧ ಭಾಗ, ಉಳಿದದ್ದು ದಪ್ಪ ಮರಳು ಮತ್ತು ಸ್ವಲ್ಪ ಹಳೆ ಎಲೆಗೊಬ್ಬರ. ಇಟ್ಟಿಗೆಯ ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲದಿದ್ದರೆ ನೀರು ನಿಂತು ಕೆಸರಾಗುತ್ತದೆ. ಗಿಡ ಇಟ್ಟ ಮೇಲೆ ಬುಡವನ್ನು ತಂತಿಯಿಂದ ಟಬ್‌ಗೆ ಅಲ್ಲಾಡದಂತೆ ಬಿಗಿಯಿರಿ.

ಈ ಬಿಗಿಯುವ ಕೆಲಸವನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. ನಾನು ಎತ್ತಿ ತಂದ ಮೊದಲ ಬೋಗನ್‌ವಿಲ್ಲಾ ಮೂರನೇ ವಾರಕ್ಕೆ ಮೈತುಂಬ ಚಿಗುರಿತು. ಬೇರು ಹಿಡಿದಿದೆಯಾ ಅಂತ ದಿನಾ ಬೆಳಿಗ್ಗೆ ಕಾಂಡ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ. ಎರಡನೇ ತಿಂಗಳಲ್ಲಿ ಚಿಗುರೆಲ್ಲ ಒಂದೇ ಸಮನೆ ಬಾಡಿ ಜೋತುಬಿತ್ತು. ಕಿತ್ತು ನೋಡಿದರೆ ಕತ್ತರಿಸಿದ ಬೇರಿನ ಅಂಚಿನಲ್ಲಿ ದಾರದಂಥ ಬಿಳಿ ಬೇರುಗಳು ಬಂದಿದ್ದವು, ಎಲ್ಲವೂ ಮುರಿದಿದ್ದವು. ಗಿಡ ಬದುಕಲು ತನ್ನ ಕೈಲಾದದ್ದೆಲ್ಲ ಮಾಡಿತ್ತು, ಕೆಡಿಸಿದ್ದು ನಾನು. ಅದು ಈಗಲೂ ಬೇಜಾರು.

ಮೊದಲ ಚಿಗುರು ಹೊಸ ಬೇರಿನಿಂದ ಬಂದದ್ದಲ್ಲ. ಅದು ಕಾಂಡ ಕಟ್ಟಿಕೊಂಡು ಬಂದ ಬುತ್ತಿ. ಆ ಬುತ್ತಿ ಮುಗಿಯುವಷ್ಟರಲ್ಲಿ ಬೇರು ಹಿಡಿಯಬೇಕು. ಅಲ್ಲಿಯವರೆಗೆ ಗೊಬ್ಬರ ಬೇಡ, ಕತ್ತರಿ ಬೇಡ. ಬೆಳಕಿರುವ ನೆರಳಲ್ಲಿಟ್ಟು, ಪಾರದರ್ಶಕ ಪ್ಲಾಸ್ಟಿಕ್ ಕವರನ್ನು ಸಡಿಲವಾಗಿ ಹೊದಿಸಿ. ಮೇಲಿನ ಅರ್ಧ ಇಂಚು ಒಣಗಿದೆ ಅಂತ ಬೆರಳಿಗೆ ಗೊತ್ತಾದಾಗ ಮಾತ್ರ ನೀರು. ಚಿಗುರು ಒಂದಡಿ ದಾಟಿ, ಅದರ ಬುಡ ಹಸಿರಿನಿಂದ ಕಂದಾದಾಗ ಬೇರು ಬಂದಿದೆ ಅಂತ ನಂಬಬಹುದು. ಆಮೇಲೆ ನಿಧಾನವಾಗಿ ಬಿಸಿಲಿಗೆ ತನ್ನಿ.

ಮೊದಲ ವರ್ಷ ಬೆಳೆಯಲು ಬಿಟ್ಟುಬಿಡಿ. ಎರಡನೇ ವರ್ಷ ಬೇಕಾದ ಕೊಂಬೆ ಆರಿಸಿ, ಎಳೆಯದಿರುವಾಗಲೇ ಅಲ್ಯೂಮಿನಿಯಂ ತಂತಿ ಸುತ್ತಿ ಬಾಗಿಸಿ. ಬಲಿತರೆ ಬಗ್ಗುವುದಿಲ್ಲ, ಮುರಿಯುತ್ತದೆ. ತಂತಿ ಸಿಪ್ಪೆಗೆ ಕಚ್ಚುವ ಮುಂಚೆ ಬಿಚ್ಚಿ. ಚಪ್ಪಟೆ ಕುಂಡದ ಮಾತು ಮೂರನೇ ವರ್ಷಕ್ಕಿರಲಿ.

ಈ ನಡುವೆ ಒಂದು ಬೆಳಿಗ್ಗೆ ನಿಮ್ಮೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟಕ್ಕೆ ಹೋಗಿ ಬನ್ನಿ. ಹೂವು, ಎಲೆ ಬಿಟ್ಟು ಬುಡಗಳನ್ನಷ್ಟೇ ನೋಡುತ್ತಾ ನಡೆಯಿರಿ. ನಿಮ್ಮ ಗಿಡ ಮುಂದೆ ಹೇಗೆ ನಿಲ್ಲಬೇಕು ಅನ್ನುವುದು ಅಲ್ಲೇ ಹೊಳೆಯುತ್ತದೆ.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೆ ಬೇಲಿ ಗಿಡಗಳನ್ನು ತೆಗೆಯುತ್ತಿದ್ದಾರೆ. ಡುರಾಂಟಾ, ಕಾಮಿನಿ, ಥೂಜಾ ಮೂರೂ ಇವೆ. ಯಾವುದನ್ನು ತರಲಿ?

ಉತ್ತರ: ಡುರಾಂಟಾ ತನ್ನಿ, ಕಾಮಿನಿಗೆ ಸ್ವಲ್ಪ ಸಮಯ ಕೇಳಿ, ಥೂಜಾ ಬಿಡಿ.

ಬೋಳು ಕಾಂಡದಿಂದ ಚಿಗುರು ಒಡೆಯುವ ಗುಣ ಗಿಡಕ್ಕಿದೆಯೋ ಇಲ್ಲವೋ, ಎಲ್ಲ ನಿಂತಿರುವುದು ಅದರ ಮೇಲೆ. ಡುರಾಂಟಾವನ್ನು ಮಾಲಿ ಎಷ್ಟು ಕೆಳಗೆ ಸವರಿದರೂ ತಿಂಗಳಲ್ಲಿ ಹಸಿರಾಗುತ್ತದೆ. ಥೂಜಾದಲ್ಲಿ ಎಲೆಯಿಲ್ಲದ ಹಳೆ ಭಾಗಕ್ಕೆ ಕತ್ತರಿಸಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಚಿಗುರದು. ಬೇಲಿಯ ಥೂಜಾಗೆ ಒಳಗೆಲ್ಲ ಬೋಳು, ಹೊರಗಷ್ಟೇ ಎಲೆ, ಅಲ್ವಾ? ಚಿಕ್ಕದು ಮಾಡಲು ದಾರಿಯೇ ಇರುವುದಿಲ್ಲ.

ಕಾಮಿನಿ ಕರಿಬೇವಿನ ಬಳಗದ್ದು. ಬಲು ಗಟ್ಟಿ, ನುಣುಪು ಮರ, ಪುಟ್ಟ ಎಲೆ. ಮಳೆ ಬಿದ್ದ ಮೇಲೆ ರಾತ್ರಿ ಅದರ ಹೂವಿನ ಘಮ ಬಾಲ್ಕನಿ ತುಂಬುತ್ತದೆ. ನನ್ನನ್ನು ಕೇಳಿದರೆ ಮೂರರಲ್ಲಿ ಅದೇ ಮೇಲು. ಆದರೆ ಒಂದೇ ಸಲ ಬೇರು, ಎಲೆ ಎರಡೂ ಕಳೆದುಕೊಂಡರೆ ತಡೆಯುವುದಿಲ್ಲ. ಈಗ ಒಂದು ಬದಿಯ ಬೇರನ್ನು ಮಾತ್ರ ಗುಂಡಿ ತೋಡಿ ಕತ್ತರಿಸಿ, ಅಲ್ಲಿ ಮರಳು, ಗೊಬ್ಬರ ತುಂಬಿ. ಎರಡು ಮೂರು ತಿಂಗಳಲ್ಲಿ ಬುಡದ ಹತ್ತಿರವೇ ಹೊಸ ಬೇರು ಬರುತ್ತದೆ. ಆಗ ಇನ್ನೊಂದು ಬದಿ ಕತ್ತರಿಸಿ, ಸ್ವಲ್ಪ ಎಲೆ ಉಳಿಸಿಕೊಂಡೇ ಮಣ್ಣಿನ ಹೆಂಟೆಯ ಸಮೇತ ಎತ್ತಿ. ಸಂಘದವರು ಅಷ್ಟು ದಿನ ಕೊಡುವುದಿಲ್ಲ ಅಂದರೆ ಹೆಂಟೆ ಆದಷ್ಟೂ ದೊಡ್ಡದಿರಲಿ.

ಪ್ರಶ್ನೆ: ಚಿಕ್ಕಮಗಳೂರಿನ ಹತ್ತಿರ ಗುಡ್ಡದ ಮೇಲೆ ಗಾಳಿಗೆ ತಿರುಚಿಕೊಂಡ ಕುಳ್ಳ ಮರಗಳಿವೆ. ಒಂದೆರಡು ತರಬಹುದಾ?

ಉತ್ತರ: ಬೇಡ. ಅರಣ್ಯ ಇಲಾಖೆಯ ಜಾಗದಿಂದ ಅನುಮತಿ ಇಲ್ಲದೆ ಗಿಡ ಕಿತ್ತರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾನೂನು ಬದಿಗಿಟ್ಟರೂ, ಹಿಡಿ ಮಣ್ಣಿನ ಮೇಲೆ ಅಷ್ಟು ವರ್ಷ ಗಾಳಿಗೆ ಎದೆಯೊಡ್ಡಿ ಬದುಕಿದ ಮರ ಅಲ್ಲೇ ಇರಬೇಕು. ಬಂಡೆಯ ಸಂದಿಯಲ್ಲಿ ಇಳಿದ ಬೇರು ಪೂರ್ತಿ ಕೈಗೆ ಬರುವುದೂ ಇಲ್ಲ, ತಂದದ್ದರಲ್ಲಿ ಜಾಸ್ತಿ ಸಾಯುತ್ತವೆ.

ನಿಮ್ಮದೇ ತೋಟದ ಬೇಲಿಯಲ್ಲಿ ಲಂಟಾನ ಇಲ್ಲವಾ? ಹೇಗೂ ಕಡಿದು ಹಾಕುವ ಕಳೆ ಅದು. ಹಳೆಯದರ ಬುಡ ಗಂಟು ಗಂಟಾಗಿ, ಸಿಪ್ಪೆ ಬಿರಿದು ನೂರು ವರ್ಷದ ಮರದ ಹಾಗೆ ಕಾಣುತ್ತದೆ. ದನಕರು ಬಾಯಿ ಹಾಕದ ಕಡೆ ಇಡಿ, ಅದರ ಎಲೆ ಅವಕ್ಕೆ ವಿಷ.

ಇನ್ನೊಂದು, ಹಳೆ ಗೋಡೆ, ತಾರಸಿಯ ಬಿರುಕಿನಲ್ಲಿ ಹುಟ್ಟಿದ ಅರಳಿ, ಆಲ, ಗೋಳಿ. ಮನೆಯವರನ್ನು ಕೇಳಿದರೆ ತೆಗೆದುಕೊಂಡು ಹೋಗಿ ಅಂತ ಅವರೇ ಏಣಿ ಕೊಡುತ್ತಾರೆ. ಬಿರುಕಿನಲ್ಲಿ ಬೆಳೆದ ಬೇರು ಗಾರೆಯ ಅಚ್ಚಿನಂತೆ ಚಪ್ಪಟೆಯಾಗಿರುತ್ತದೆ, ಅದೇ ಅದರ ಚೆಂದ. ಉಳಿಯಿಂದ ಗಾರೆ ಬಿಡಿಸಿ, ಸಿಕ್ಕಷ್ಟು ಬೇರಿನ ಜೊತೆ ತನ್ನಿ. ಎಲೆ ಪೂರ್ತಿ ತೆಗೆದು ಇಟ್ಟಿಗೆ ಚೂರಿನಲ್ಲಿ ನೆಡಿ. ಈ ಜಾತಿಯ ಮರಗಳು ಬೇರು ಕಮ್ಮಿ ಇದ್ದರೂ ಬಹುಮಟ್ಟಿಗೆ ಹಿಡಿಯುತ್ತವೆ. ಬರುವ ಮುಂಚೆ ಬಿರುಕಿಗೆ ಸಿಮೆಂಟ್ ತುಂಬಿಸಿ ಬನ್ನಿ. ಇಲ್ಲದಿದ್ದರೆ ಒಳಗೆ ಉಳಿದ ಬೇರಿನ ತುಂಡು ಮುಂದಿನ ಮಳೆಗೆ ಮತ್ತೆ ತಲೆ ಎತ್ತುತ್ತದೆ.