ತೋಟದ ರೈಲಿಗೆ ಯಾವ ಅಳತೆ? ವಿಜಯಪುರದ ಎರೆ ಮಣ್ಣಿನ ಹಿತ್ತಲಕ್ಕೆ ಒಂದು ಲೆಕ್ಕ

ನೀವು ಕೇಳಿದ್ದು ಇಷ್ಟು: ವಿಜಯಪುರದಲ್ಲಿ ಮನೆಯ ಹಿಂದೆ 30×20 ಅಡಿ ಎರೆ ಮಣ್ಣಿನ ಹಿತ್ತಲ ಇದೆ, ಅಲ್ಲಿ ತೋಟದ ರೈಲು, ಅಂದರೆ ಹೊರಗೆ ನೆಲದ ಮೇಲೆ ಹಳಿ ಹಾಕಿ ಓಡಿಸುವ ಮಾದರಿ ರೈಲು, ಮಾಡಬೇಕು. ಜರ್ಮನಿಯವರು 1:22.5 (ನಿಜವಾದ ರೈಲಿನ 22.5ನೇ ಒಂದು ಪಾಲು) ಅನ್ನುತ್ತಾರೆ, ಅಮೆರಿಕದವರು 1:29 ಅನ್ನುತ್ತಾರೆ, ಇಂಗ್ಲೆಂಡಿನವರು 1:19 ಅನ್ನುತ್ತಾರೆ. ಯಾವುದನ್ನು ಹಿಡಿಯಬೇಕು? ಓಡಿಸೋದು ಹಳಿಯ ಕರೆಂಟಿನಿಂದಲೋ, ಬ್ಯಾಟರಿಯಿಂದಲೋ, ಉಗಿಯಿಂದಲೋ?

ಉತ್ತರ ಮೊದಲೇ ಹೇಳಿಬಿಡುತ್ತೇನೆ: 45 ಮಿಮೀ ಹಳಿ, 1:22.5 ಅಳತೆ, ಬ್ಯಾಟರಿ ಮತ್ತು ರೇಡಿಯೊ ಕಂಟ್ರೋಲ್. ಯಾಕೆ ಅಂತ ಗೊತ್ತಾಗಬೇಕಾದರೆ ಬೇರೆ ದೇಶದವರು ತಮ್ಮ ತಮ್ಮ ಅಳತೆಗೆ ಹೇಗೆ ಬಂದರು ಅನ್ನೋದನ್ನು ನೋಡಬೇಕು.

ಮೇಲ್ನೋಟಕ್ಕೆ ಹತ್ತಾರು ಅಳತೆ ಕಂಡರೂ, ಜಗತ್ತಿನ ಹೆಚ್ಚಿನ ತೋಟಗಳಲ್ಲಿ ಬಿದ್ದಿರುವ ಹಳಿ ಒಂದೇ: ಒಳಗಿನ ಅಂತರ 45 ಮಿಮೀ. ಬದಲಾಗೋದು ಅದರ ಮೇಲಿನ ಗಾಡಿ. ನಿಜವಾದ ರೈಲಿನ ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, 45ರಿಂದ ಭಾಗಿಸಿದರೆ ಅಳತೆ ಸಿಗುತ್ತದೆ. ಮೀಟರ್ ಗೇಜ್ ಅಂದರೆ 1000 ಮಿಮೀ, ಭಾಗಿಸಿದರೆ 22.2, ಹಾಗಾಗಿ 1:22.5. ಅಮೆರಿಕದ ಕೊಲರಾಡೊ ಬೆಟ್ಟಗಳ 3 ಅಡಿ ಗೇಜ್ 914 ಮಿಮೀ, ಅದು 1:20.3. ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ 1067 ಮಿಮೀ ಗೇಜ್‌ಗೆ 1:24 ಹತ್ತಿರ. ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜ್ 1435. ಅದು ಸರಿಯಾಗಿ 1:32. ನಮ್ಮ ಈಗಿನ ಬ್ರಾಡ್‌ಗೇಜ್ 1676. ಅದು 1:37 ಆಗುತ್ತದೆ, ಆ ಅಳತೆಗೆ ಅಂಗಡಿಯ ಮಾಲು ಸಿಗುವುದಿಲ್ಲ.

ಈ ಪಟ್ಟಿಗೆ ಹೊಂದದೆ ಉಳಿಯುವುದು ಅಮೆರಿಕದ 1:29. ಅರಿಸ್ಟೊ-ಕ್ರಾಫ್ಟ್, ಯುಎಸ್‌ಎ ಟ್ರೇನ್ಸ್ ಕಂಪನಿಗಳು ದೊಡ್ಡ ಡೀಸೆಲ್ ಎಂಜಿನ್ನುಗಳನ್ನು ಈ ಅಳತೆಯಲ್ಲಿ ಮಾಡಿದವು. ಲೆಕ್ಕದ ಪ್ರಕಾರ ಅದಕ್ಕೆ 49.5 ಮಿಮೀ ಹಳಿ ಬೇಕು. ಓಡೋದು 45ರ ಮೇಲೆ. ಗಾಡಿ ಭರ್ಜರಿಯಾಗಿ ಕಾಣಲಿ, ಉಳಿದ ಕಂಪನಿಗಳ ನ್ಯಾರೋಗೇಜ್ ಗಾಡಿಗಳ ಪಕ್ಕದಲ್ಲಿ ತೀರ ಸಣ್ಣದಾಗದಿರಲಿ ಅನ್ನೋ ಹೊಂದಾಣಿಕೆ ಅದು. ಅಮೆರಿಕದ ದೊಡ್ಡ ಅಂಗಳದಲ್ಲಿ ನಲವತ್ತು ವ್ಯಾಗನ್ನಿನ ಗೂಡ್ಸ್ ಗಾಡಿ ಓಡಿಸುವವರಿಗೆ ಅದು ಸರಿ. ನಿಮ್ಮ 30 ಅಡಿಯಲ್ಲಿ ಅಂಥ ಗಾಡಿಯ ಮುಖ ಬಾಲವನ್ನು ಮುಟ್ಟುತ್ತದೆ.

ಜರ್ಮನಿಯ ಕಥೆ ಬೇರೆ. ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನ ರೈಲನ್ನು ಮಾರುಕಟ್ಟೆಗೆ ತಂದಿತು. ಮಳೆ ಬಿಸಿಲಿನಲ್ಲಿ ಹೊರಗೇ ಬಿಡಬಹುದಾದ ಹಿತ್ತಾಳೆ ಹಳಿ, ಬಿಸಿಲಿಗೆ ತಡೆಯುವ ಪ್ಲಾಸ್ಟಿಕ್ ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ). ಇವತ್ತಿನ ತೋಟದ ರೈಲಿನ ದಾರಿ ಬಹುಪಾಲು ಅಲ್ಲಿಂದ ಶುರು. 2007ರಿಂದ ಅದು ಮಾರ್ಕ್ಲಿನ್ ಕೈಯಲ್ಲಿದೆ. ಎಲ್‌ಜಿಬಿಯ ಹೆಸರಾದ ಮಾದರಿಗಳಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟದ ಉಗಿ ಗಾಡಿಗಳು, ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯ ಕೆಂಪು ಡಬ್ಬಿಗಳು ಸೇರಿವೆ. ಎರಡೂ ಮೀಟರ್ ಗೇಜ್. ಹಾಗಾಗಿ ಅಲ್ಲಿಯ ತೋಟಗಳಲ್ಲಿ ಬಂಡೆ, ಕಮಾನು ಸೇತುವೆ, ಸುರಂಗ ಹೆಚ್ಚು. ಓಡಿಸೋದು ಹಳಿಯಲ್ಲಿ ಕರೆಂಟು ಬಿಟ್ಟು, ಈಚೆಗೆ ಡಿಜಿಟಲ್ ಕಂಟ್ರೋಲಿನಿಂದ.

ಇಂಗ್ಲೆಂಡಿನವರು ಹಳಿಯನ್ನೇ ಬದಲಿಸಿದರು. ವೇಲ್ಸ್‌ನ ಸ್ಲೇಟು ಗಣಿಗಳ ರೈಲುಗಳ ಗೇಜ್ ಸುಮಾರು 2 ಅಡಿ. ಒಂದು ಅಡಿಗೆ 16 ಮಿಮೀ ಹಿಡಿದರೆ 32 ಮಿಮೀ ಹಳಿ, ಅಳತೆ 1:19. ಅಲ್ಲಿ ಮೆಚ್ಚಿನದು ನಿಜವಾದ ಉಗಿ. ರೌಂಡ್‌ಹೌಸ್, ಅಕ್ಯುಕ್ರಾಫ್ಟ್ ಕಂಪನಿಗಳ ಎಂಜಿನ್ನುಗಳು ಬ್ಯೂಟೇನ್ ಗ್ಯಾಸಿನಿಂದ ನೀರು ಕಾಯಿಸಿ ಓಡುತ್ತವೆ. ಗ್ಯಾಸು, ನೀರು, ಎಣ್ಣೆ ತುಂಬಲು ಕೈ ಎಟುಕಬೇಕಾದ್ದರಿಂದ ಹಳಿಯನ್ನು ಸೊಂಟದ ಎತ್ತರಕ್ಕೆ ಕಟ್ಟುವವರು ಬಹಳ. ಉಗಿ ಎಂಜಿನ್ನಿಗೆ ಏರಿನಲ್ಲಿ ಸುಸ್ತು, ಇಳಿವಿನಲ್ಲಿ ಓಟ. ಆದ್ದರಿಂದ ಅವರ ದಾರಿಗಳು ಬಹುತೇಕ ಸಮತಟ್ಟು. ನಮ್ಮ ಡಾರ್ಜಿಲಿಂಗಿನ ಬಿ ಕ್ಲಾಸ್ ಎಂಜಿನ್ ಅಲ್ಲಿನವರಿಗೆ ತುಂಬ ಪ್ರೀತಿಯದು, ರೌಂಡ್‌ಹೌಸ್ ಅದನ್ನು ಮಾಡಿದೆ. ನಿಮಗೆ ಡಾರ್ಜಿಲಿಂಗ್ ಅಥವಾ ಮಾಥೇರಾನ್ ಗಾಡಿಯೇ ಬೇಕು ಅಂದರೆ 32 ಮಿಮೀ ಹಳಿ ಹಿಡಿಯಿರಿ.

ಈಗ ನಮ್ಮ ಕಡೆಗೆ ಬನ್ನಿ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಈ ಭಾಗಕ್ಕೆ ತಂದದ್ದು ಮೀಟರ್ ಗೇಜ್. ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ದಾಟಿ ಗದಗಿನವರೆಗೆ ಹೋಗುವ ದಾರಿ 2000ದ ದಶಕದವರೆಗೂ ಮೀಟರ್ ಗೇಜ್ ಆಗಿಯೇ ಇತ್ತು. ಬೆಳಗಾವಿಯ ಮೇಲಿನ ಲೋಂಡಾ–ಮಿರಜ ದಾರಿ 1990ರ ದಶಕದಲ್ಲಿ ಬದಲಾಯಿತು. ವೈಪಿ, ವೈಜಿ ಉಗಿ ಎಂಜಿನ್, ಆಮೇಲೆ ವೈಡಿಎಂ-4 ಡೀಸೆಲ್: ಇವೆಲ್ಲ 45 ಮಿಮೀ ಹಳಿಯ ಮೇಲೆ 1:22.5ರಲ್ಲಿ ಹೆಚ್ಚು ಕಡಿಮೆ ಕರಾರುವಾಕ್ಕಾಗಿ ಕೂಡುತ್ತವೆ. ಜರ್ಮನಿಯವರು ತಮ್ಮ ಬೆಟ್ಟದ ಗಾಡಿಗೆ ಅಂತ ಹುಡುಕಿದ ಅಳತೆ ನಮ್ಮ ಹಳೆಯ ಗಾಡಿಗೆ ತಾನಾಗಿ ಹೊಂದುತ್ತದೆ. ನೀಲಗಿರಿಯ ಹಲ್ಲುಪಟ್ಟಿ ರೈಲೂ ಮೀಟರ್ ಗೇಜೇ, ಅದೂ ಇದೇ ಅಳತೆಯಲ್ಲಿ ಆಗುತ್ತದೆ. ಪಕ್ಕದ ಬಾರ್ಸಿ ಲೈಟ್ ರೈಲ್ವೆ ಮಾತ್ರ 762 ಮಿಮೀ ಆಗಿತ್ತು. ಅದಕ್ಕೆ 32 ಮಿಮೀ ಹಳಿಯ ಮೇಲೆ 1:24 ಮಾಡಬೇಕಾಗುತ್ತದೆ.

ಭಾರತದ ಮೀಟರ್ ಗೇಜ್ ಎಂಜಿನ್ನು ಈ ಅಳತೆಯಲ್ಲಿ ಸಿದ್ಧವಾಗಿ ಸಿಗೋದು ಅಪರೂಪ. ದಾರಿ ಏನೆಂದರೆ, ಎರಡನೇ ಕೈಯ 45 ಮಿಮೀ ಎಂಜಿನ್ನಿನ ಕೆಳಭಾಗ, ಅಂದರೆ ಮೋಟಾರು, ಗಾಲಿ, ಗೇರು ತೆಗೆದುಕೊಂಡು ಮೇಲಿನ ಬಾಡಿಯನ್ನು 3ಡಿ ಪ್ರಿಂಟ್ ಮಾಡಿಸೋದು. ಶುರುವಿಗೆ ವೈಡಿಎಂ-4 ಸುಲಭ: ಪೆಟ್ಟಿಗೆ ಆಕಾರ, ಉಗಿ ಎಂಜಿನ್ನಿನ ಸರಳು ಸಲಾಕೆ ಇಲ್ಲ. ಪ್ರಿಂಟಿಗೆ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಬೇಡವೇ ಬೇಡ. ಅದು 55–60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಬಣ್ಣದ ಬಾಡಿ ಅಷ್ಟು ಕಾಯುತ್ತದೆ, ಚಾವಣಿ ಬಾಗುತ್ತದೆ. ಎಎಸ್‌ಎ ಪ್ಲಾಸ್ಟಿಕ್ ಅಂತಲೇ ಕೇಳಿ. ಶಾಖವನ್ನೂ ಬಿಸಿಲನ್ನೂ ತಡೆಯುತ್ತದೆ. ಹಳೆಯ ಎಂಜಿನ್ ಕೊಳ್ಳುವಾಗ ಪ್ಲಾಸ್ಟಿಕ್ ಗೇರು ಅಕ್ಸಲಿನ ಮೇಲೆ ಸೀಳಿದೆಯೇ ನೋಡಿ: ಗಾಲಿಯನ್ನು ಬೆರಳಿನಿಂದ ತಿರುಗಿಸಿದಾಗ ಸುತ್ತಿಗೊಮ್ಮೆ ಟಕ್ ಅಂದರೆ ಗೇರು ಹೋಗಿದೆ ಅಂತ ತಿಳಿಯಿರಿ. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಕಸ್ಟಮ್ಸ್ ಸುಂಕ ಎರಡನ್ನೂ ಸೇರಿಸಿಯೇ ಬೆಲೆ ಹಿಡಿಯಿರಿ.

ತಿರುವಿನ ವಿಷಯದಲ್ಲಿ ಆತುರ ಬೇಡ. ಪೆಟ್ಟಿಗೆಯಲ್ಲಿ ಬರುವ ಎಲ್‌ಜಿಬಿ ಆರ್1 ತಿರುವಿನ ತ್ರಿಜ್ಯ 60 ಸೆಂಮೀ. 12 ತುಂಡು ಸೇರಿದರೆ ಪೂರ್ತಿ ವೃತ್ತ. ಅದು ಸಣ್ಣ ಎಂಜಿನ್, ಕುಗ್ಗಿಸಿದ ಡಬ್ಬಿಗಳಿಗೆ. ನಮ್ಮ ಮೀಟರ್ ಗೇಜ್ ಡಬ್ಬಿ ಸುಮಾರು 19.5 ಮೀಟರ್ ಉದ್ದ, 1:22.5ರಲ್ಲಿ 87 ಸೆಂಮೀ. ಇಂಥ ಡಬ್ಬಿಯ ನಡು ತಿರುವಿನಲ್ಲಿ ಎಷ್ಟು ಒಳಕ್ಕೆ ಸರಿಯುತ್ತದೆ ಅನ್ನೋದಕ್ಕೆ ಲೆಕ್ಕ ಇದೆ: ಡಬ್ಬಿಯ ಕೆಳಗಿನ ಎರಡು ಗಾಲಿ ಚೌಕಟ್ಟುಗಳ (ಬೋಗಿಗಳ) ನಡುಬಿಂದುಗಳ ಅಂತರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಅಂತರ 60 ಸೆಂಮೀ ಇದ್ದರೆ ಆರ್1ರಲ್ಲಿ 75 ಮಿಮೀ ಸರಿಯುತ್ತದೆ, ಅಂದರೆ ಅಲ್ಲಿ ಡಬ್ಬಿಯ ನಡುಗೆರೆಯೇ ಹಳಿಯಿಂದಾಚೆ. 2 ಮೀಟರ್ ತ್ರಿಜ್ಯಕ್ಕೆ ಅದು 23 ಮಿಮೀ ಮಾತ್ರ. ನಿಮ್ಮ ಜಾಗದಲ್ಲಿ ಸುತ್ತಲೂ ಎರಡು ಅಡಿ ಬಿಟ್ಟರೂ 2 ಮೀಟರ್ ತ್ರಿಜ್ಯದ ಉದ್ದವಟ್ಟ ಸುತ್ತು ಆರಾಮಾಗಿ ಕೂಡುತ್ತದೆ: ತಿರುವು ಎರಡೂ ಸೇರಿ 12.6 ಮೀಟರ್, ನೇರ ದಾರಿ ಎರಡು ಕಡೆ ತಲಾ 3.9 ಮೀಟರ್, ಒಟ್ಟು ಸುಮಾರು 20 ಮೀಟರ್. ತಿರುವಿನ ಒಳಮಗ್ಗುಲಲ್ಲಿ ಹಳಿಯ ನಡುಗೆರೆಯಿಂದ ಹತ್ತು ಸೆಂಮೀ ಒಳಗೆ ಕಂಬ, ಗೋಡೆ, ಗಿಡ ಏನೂ ಬರಬಾರದು. 30 ಸೆಂಮೀ ತುಂಡುಗಳ ಬದಲು 1.5 ಮೀಟರ್ ಉದ್ದದ ಹಳಿ ತಂದು ರೇಲ್ ಬೆಂಡರ್‌ನಿಂದ ಬಗ್ಗಿಸಿ. ಕೂಡುಗಳು ಐದನೇ ಒಂದು ಪಾಲಿಗೆ ಇಳಿಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಕೊಡಬೇಕಾದ್ದು ಬುಡಕ್ಕೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಯುರೋಪಿನ ಪುಸ್ತಕಗಳಲ್ಲಿ ತೋರಿಸುವ ಹಾಗೆ ತೆಳುವಾದ ಕಾಂಕ್ರೀಟ್ ಪಟ್ಟಿ ಹಾಕಿದರೆ ಒಂದೇ ವರ್ಷದಲ್ಲಿ ಅದು ತುಂಡಾಗಿ, ಒಂದು ತುಂಡು ಏರಿ ಮತ್ತೊಂದು ಇಳಿಯುತ್ತದೆ. ಗೌಂಡಿ ಕಾಂಕ್ರೀಟೇ ಗಟ್ಟಿ ಅಂತ ಪಟ್ಟು ಹಿಡಿಯುತ್ತಾನೆ, ಒಪ್ಪಬೇಡಿ. ನೆಲದ ಜೊತೆ ತಾನೂ ಸ್ವಲ್ಪ ಆಡುವ, ಆಮೇಲೆ ಕೈಯಿಂದ ಸರಿಮಾಡಬಹುದಾದ ಬುಡ ಬೇಕು.

ಒಂದು ಅಡಿ ಅಗಲ, ಒಂದು ಅಡಿ ಆಳ ತಗ್ಗು ತೋಡಿ ಎರೆ ಮಣ್ಣನ್ನು ಪೂರ್ತಿ ಹೊರಗೆ ಹಾಕಿ. ಅದರಲ್ಲಿ ಎಂಟು ಇಂಚು ಗರಸು, ಎರಡು ಪದರಿನಲ್ಲಿ. ಪ್ರತಿ ಪದರಿಗೂ ನೀರು ಹೊಡೆದು ದಿಮ್ಮಸಿನಿಂದ ಬಡಿಯಿರಿ. 20 ಮೀಟರಿಗೆ ಅರ್ಧ ಬ್ರಾಸ್ (50 ಘನ ಅಡಿ) ಗರಸು ಸಾಕು. ಅದರ ಮೇಲೆ ಮೂರು ಇಂಚು, 6 ಮಿಮೀ ಮತ್ತು ಅದಕ್ಕಿಂತ ಸಣ್ಣ ಖಡಿ, ಕ್ರಷರ್ ಪುಡಿ ಸಮೇತ. ಸುಮಾರು 16 ಘನ ಅಡಿ, ಅಂದರೆ ಸಿಮೆಂಟ್ ಚೀಲದಲ್ಲಿ ತುಂಬಿದರೆ ಹದಿಮೂರು ಚೀಲ. ಹೊಳೆಯ ಉಸುಕು, ದುಂಡು ಹರಳು ಬೇಡ. ದುಂಡು ಕಲ್ಲು ಒಂದರ ಮೇಲೊಂದು ಉರುಳುತ್ತದೆ, ಹಳಿ ನಿಲ್ಲೋದಿಲ್ಲ; ಕ್ರಷರಿನ ಮೂಲೆಯುಳ್ಳ ಖಡಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ತಗ್ಗಿನ ತಳಕ್ಕೆ ಒಂದು ಕಡೆ ಇಳಿಜಾರು ಕೊಟ್ಟು ಎರಡು ಇಂಚಿನ ಪಿವಿಸಿ ಪೈಪಿನಿಂದ ನೀರು ಹೊರಗೆ ಬಿಡಿ. ಇಲ್ಲದಿದ್ದರೆ ಗರಸಿನಲ್ಲಿ ನೀರು ನಿಂತು ಪಕ್ಕದ ಎರೆ ಇನ್ನೂ ಉಬ್ಬುತ್ತದೆ. ಮರದ ಹಲಗೆಯ ಬುಡ ಮಾಡಿದರೆ ಗೆದ್ದಲು ತಿನ್ನುತ್ತದೆ. ಬೆಳಗಾವಿಯ ಕೆಂಪು ಮಣ್ಣಿನಲ್ಲಿ ಈ ಉಬ್ಬುವ ಕಾಟ ಕಡಿಮೆ, ಆದರೆ ಅಲ್ಲಿ ಮಳೆ ಖಡಿಯನ್ನೇ ತೊಳೆದುಕೊಂಡು ಹೋಗುತ್ತದೆ; ಎರಡೂ ಅಂಚಿಗೆ ಫರಸಿ ತುಂಡು ನಿಲ್ಲಿಸಬೇಕು.

ಹಳಿಯನ್ನು ಎಲ್ಲಿಯೂ ಮೊಳೆ, ಸ್ಕ್ರೂ ಹಾಕಿ ಬಿಗಿಯಬೇಡಿ. ಹಿತ್ತಾಳೆ ಪ್ರತಿ ಡಿಗ್ರಿಗೆ ಮೀಟರಿಗೆ 0.019 ಮಿಮೀ ಹಿಗ್ಗುತ್ತದೆ. ಡಿಸೆಂಬರ್ ಬೆಳಗಿನ ಜಾವದ 15 ಡಿಗ್ರಿಯಿಂದ ಮೇ ಮಧ್ಯಾಹ್ನದ ಬಿಸಿಲಲ್ಲಿ ಕಾದ ಹಳಿಯ 65 ಡಿಗ್ರಿಗೆ ಹೋದರೆ 20 ಮೀಟರ್ ಹಳಿ 19 ಮಿಮೀ ಬೆಳೆಯುತ್ತದೆ. ಅಲ್ಯೂಮಿನಿಯಂ ಹಳಿಯಾದರೆ 23 ಮಿಮೀ. ಜಾಗ ಸಿಗದಿದ್ದರೆ ಹಳಿ ಹಾವಿನಂತೆ ಸೊಟ್ಟಾಗುತ್ತದೆ. ಬೆಳಿಗ್ಗೆ 25 ಡಿಗ್ರಿ ಇದ್ದಾಗ ಜೋಡಿಸಿದರೆ 1.5 ಮೀಟರಿನ ಪ್ರತಿ ಕೂಡಿಗೂ 1.2 ಮಿಮೀ ಸಂದು ಬಿಡಿ. ಹ್ಯಾಕ್ಸಾ ಬ್ಲೇಡು ಎರಡನ್ನು ಸೇರಿಸಿ ನಡುವೆ ಇಟ್ಟರೆ ಅಷ್ಟೇ ದಪ್ಪ. ಸ್ಲೀಪರಿನ ಮಟ್ಟಕ್ಕೆ ಖಡಿ ತುಂಬಿದರೆ ಹಳಿ ಅದರಲ್ಲಿ ಅಲ್ಪಸ್ವಲ್ಪ ಸರಿದಾಡಿಕೊಂಡಿರುತ್ತದೆ. ಉದ್ದಕ್ಕೆ ಏರು ಮೀಟರಿಗೆ 2 ಸೆಂಮೀ ಮೀರಬಾರದು. ಅಡ್ಡಕ್ಕೆ ಎರಡೂ ಹಳಿ ಒಂದೇ ಮಟ್ಟ. ಗಾಡಿ ಹಳಿ ತಪ್ಪೋದು ಹೆಚ್ಚಾಗಿ ಈ ಅಡ್ಡ ಮಟ್ಟ ಕೆಟ್ಟಾಗಲೇ.

ಹಳಿಯ ಕರೆಂಟನ್ನು ನಾನು ಇಲ್ಲಿಗೆ ಹೇಳೋದಿಲ್ಲ. ವಿಜಯಪುರದ ಧೂಳು ಹಳಿಯ ಮೇಲೆ ಕೂತರೆ ಪ್ರತಿ ಸಲ ಓಡಿಸುವ ಮೊದಲು ಉಜ್ಜಬೇಕು. ಕೂಡುಗಳು ಕಿಲುಬು ಹಿಡಿದರೆ ದೂರದ ತುದಿಯಲ್ಲಿ ಎಂಜಿನ್ ಕುಂಟುತ್ತದೆ. ಅಮೆರಿಕದಲ್ಲಿ ದೊಡ್ಡ ದಾರಿಯವರು ಬ್ಯಾಟರಿಗೆ ಹೊರಳಿದ್ದೂ ಈ ಉಜ್ಜಾಟ ಸಾಕಾಗಿಯೇ. 18650 ಅನ್ನೋ ಲಿಥಿಯಂ ಸೆಲ್ ನಾಲ್ಕನ್ನು ಸಾಲಾಗಿ ಜೋಡಿಸಿದರೆ 14.8 ವೋಲ್ಟ್, ಜೊತೆಗೆ ಸೆಲ್ಲುಗಳನ್ನು ಕಾಯುವ 4ಎಸ್ ಬಿಎಂಎಸ್ ಬೋರ್ಡು, ಸೆಲ್ಲಿನ ಬುಡದಲ್ಲೇ 5 ಆಂಪ್ ಫ್ಯೂಜು, 2.4 ಗಿಗಾಹರ್ಟ್ಸ್ ರಿಸೀವರು, ಸ್ಪೀಡ್ ಕಂಟ್ರೋಲರು. ಮೂರು ಡಬ್ಬಿಯ ಗಾಡಿ 0.8 ಆಂಪ್ ಎಳೆದರೆ 2600 ಎಂಎಎಚ್ ಸೆಲ್ಲು ಮೂರು ತಾಸಿನ ಹತ್ತಿರ ಬರುತ್ತದೆ. ಬ್ಯಾಟರಿಯನ್ನು ಎಂಜಿನ್ನಿನ ಹಿಂದಿನ ಡಬ್ಬಿಯಲ್ಲಿಡಿ, ತೆಗೆಯೋದು ಸುಲಭ. ಓಡಿಸಿ ಮುಗಿದ ತಕ್ಷಣ ಚಾರ್ಜಿಗೆ ಹಾಕಬೇಡಿ. ಸೆಲ್ 45 ಡಿಗ್ರಿಗಿಂತ ಬಿಸಿ ಇದ್ದಾಗ ಚಾರ್ಜ್ ಮಾಡಬಾರದು. ಗಾಡಿಯನ್ನು ಬ್ಯಾಟರಿ ಸಮೇತ ಬಿಸಿಲಿಗೆ ಬಿಡೋದಂತೂ ಅಪಾಯ.

ಉಗಿಯ ಆಸೆ ಮುಂದೆ ಬಂದರೆ ಇದೇ ಹಳಿಯ ಮೇಲೆ 45 ಮಿಮೀ ಉಗಿ ಎಂಜಿನ್ ಓಡುತ್ತದೆ. ಅದಕ್ಕೆ ಶುದ್ಧ ಬ್ಯೂಟೇನ್ ಡಬ್ಬಿ ಮಾತ್ರ. ಅಡಿಗೆ ಮನೆಯ ಸಿಲಿಂಡರಿನ ಗ್ಯಾಸಿನಲ್ಲಿ ಪ್ರೊಪೇನ್ ಬೆರೆತಿರುತ್ತದೆ, ಒತ್ತಡ ಹೆಚ್ಚು. ಎಂಜಿನ್ನಿನ ಪುಟ್ಟ ಟ್ಯಾಂಕು ಅದಕ್ಕೆ ಮಾಡಿದ್ದಲ್ಲ. ಬಿಸಿ ಟ್ಯಾಂಕಿಗೆ ಗ್ಯಾಸು ಇಳಿಯೋದಿಲ್ಲ. ಒದ್ದೆ ಬಟ್ಟೆ ಸುತ್ತಿ ಟ್ಯಾಂಕನ್ನು ತಣ್ಣಗೆ ಮಾಡಿ ತುಂಬಬೇಕು, ಹತ್ತಿರ ಬೆಂಕಿ ಇರಬಾರದು. ಬಾಯ್ಲರಿಗೆ ಬೋರಿನ ನೀರು ಹಾಕಬೇಡಿ, ನಮ್ಮ ಕಡೆಯ ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ.

ಕೆಲಸದ ಹೊತ್ತು: ತಗ್ಗು ತೋಡಿ ಗರಸು ಬಡಿಯೋದನ್ನು ಮೇ ಒಳಗೆ ಮುಗಿಸಿ, ಹಳಿ ಹಾಕದೆ ಒಂದು ಮಳೆಗಾಲ ಹಾಗೇ ಬಿಡಿ. ಎಲ್ಲಿ ಕುಸಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಅನ್ನೋದು ಕಣ್ಣಿಗೆ ಕಾಣುತ್ತದೆ. ಅದನ್ನು ತುಂಬಿ, ನವೆಂಬರಿನಲ್ಲಿ ಖಡಿ ಹರಡಿ ಹಳಿ ಜೋಡಿಸಿ.