ಹಳೆಯ ಎಂಜಿಬಿ ಕಾರಿನಲ್ಲಿ ಮೊದಲು ಸರಿಮಾಡಬೇಕಾದ್ದು ಟೈಮಿಂಗೋ (ಪ್ಲಗ್ಗಿನಲ್ಲಿ ಕಿಡಿ ಬರುವ ಹೊತ್ತು), ಐಡ್ಲಿಂಗೋ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ)?

ಟೈಮಿಂಗೇ ಮೊದಲು, ಅದಕ್ಕೂ ಮುಂಚೆ ಪಾಯಿಂಟ್ ಗ್ಯಾಪ್, ಅಂದರೆ ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಭಾಗ) ಒಳಗಿನ ಪಾಯಿಂಟುಗಳ ನಡುವಿನ ಅಂತರ: ಫೀಲರ್ ಗೇಜಿನಲ್ಲಿ (ಅಂತರ ಅಳೆಯುವ ತೆಳು ಲೋಹದ ಪಟ್ಟಿ) 0.35ರಿಂದ 0.40 ಮಿ.ಮೀ. ಗ್ಯಾಪ್ ಬದಲಾದರೆ ಟೈಮಿಂಗೂ ಜರುಗುತ್ತದೆ, ಅದಕ್ಕೇ ಈ ಕ್ರಮ.

ಎಂಜಿನ್ ಬಿಸಿಯಾದ ಮೇಲೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಒಂದನೇ ಪ್ಲಗ್ಗಿನ ವೈರಿಗೆ ಟೈಮಿಂಗ್ ಲೈಟ್ (ಕಿಡಿ ಬಂದಾಗಲೆಲ್ಲ ಮಿಂಚುವ ದೀಪ) ಹಾಕಿ. 1960ರ ದಶಕದ ಮಾದರಿಗೆ 600 ಆರ್‌ಪಿಎಂನಲ್ಲಿ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ತಲುಪುವ ಬಿಂದು) 14 ಡಿಗ್ರಿ ಮುಂಚೆ ಕಿಡಿ ಬರಬೇಕು. ಐಡ್ಲಿಂಗ್ ಜಾಸ್ತಿಯಿದ್ದರೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಆಗಲೇ ಹೊರಚಾಚಿ ಅಳತೆ ತಪ್ಪಿಸುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಡಿಸ್ಟ್ರಿಬ್ಯೂಟರನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಕಿಡಿ ಬೇಗ ಬರುತ್ತದೆ. ಬೋಲ್ಟ್ ಬಿಗಿಮಾಡಿ ಮತ್ತೊಮ್ಮೆ ನೋಡಿ.

ಆಮೇಲೆ ಐಡ್ಲಿಂಗ್. ಎರಡು ಎಸ್‌ಯು ಕಾರ್ಬ್ಯುರೇಟರುಗಳ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗಗಳು) ನಡುವಿನ ಕ್ಲ್ಯಾಂಪ್ ಸಡಿಲಿಸಿ, ಎರಡರಲ್ಲೂ ಗಾಳಿಯ ಸದ್ದು ಒಂದೇ ಸಮ ಕೇಳುವಂತೆ ಸ್ಕ್ರೂ ತಿರುಗಿಸಿ. ಚೋಕ್ ಕೇಬಲ್ ಸ್ವಲ್ಪ ಸಡಿಲವಿರಲಿ.