ಫೋನ್ ಬಂದರೆ ಪಕ್ಕದವರಿಗೆ ಕೊಡುತ್ತಿದ್ದ ಗುಮಾಸ್ತೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದ ಆಕೆ ಕುಂದಾಪುರದ ಕಡೆಯವರು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ನವಿ ಮುಂಬಯಿಯಲ್ಲಿ ಒಬ್ಬ ಕ್ಲಿಯರಿಂಗ್ ಏಜೆಂಟರ (ಹೊರದೇಶದ ಮಾಲನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಡುವವರು) ಆಫೀಸಿನಲ್ಲಿ ಕೆಲಸ. ನಾವಾ ಶೇವಾ ಬಂದರಿಗೆ ಚೀನಾದಿಂದ ಮಾಲು ಬಂದರೂ ಕಾಗದಪತ್ರ ಇಂಗ್ಲಿಷಿನಲ್ಲೇ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ತಾಳೆ ನೋಡುವುದರಲ್ಲಿ ಆಕೆ ಪಕ್ಕಾ. ಆದರೆ ಹೊರದೇಶದ ಫೋನ್ ಬಂದರೆ ಪಕ್ಕದವರಿಗೆ ಕೊಟ್ಟುಬಿಡುತ್ತಿದ್ದರು. ಈ ಸಲ ಬಡ್ತಿ ಸಿಕ್ಕಿದ್ದು ಆಕೆಯೇ ಕೆಲಸ ಕಲಿಸಿದ ಹುಡುಗಿಗೆ.

“ನಾನು ದಡ್ಡಿ ಅಲ್ಲ ಮೇಡಂ. ಬಾಯಿ ಬಿಟ್ಟರೆ ದಡ್ಡಿ ಥರ ಕಾಣ್ತೀನಿ” ಎಂದು ಅತ್ತರು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಬಳೆ ಅಡವಿಡುವ ಯೋಚನೆಯಲ್ಲಿದ್ದರು. ಮಗಳ ಜೊತೆ ಮನೆಯಲ್ಲಿ ಕನ್ನಡ ಮಾತಾಡುವುದನ್ನೂ ನಿಲ್ಲಿಸಿದ್ದರು. ಇದು ನನಗೆ ತುಂಬಾ ನೋವಾದ ಸಂಗತಿ.

ನಿಮ್ಮ ಸಂಕಟ ಬರೀ ಭ್ರಮೆ ಅಲ್ಲ ಎಂದು ಮೊದಲು ಹೇಳಿದೆ. ಮುಂಬಯಿಯ ದಾದರ್‌ನ ಕುಟುಂಬಗಳ ಬಗ್ಗೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 1980ರಲ್ಲಿ ಇಂಗ್ಲಿಷ್ ಮಾಧ್ಯಮದ ಓದಿನಿಂದ ಹೆಂಗಸರಿಗೆ ಹೆಚ್ಚಿನ ಗಳಿಕೆಯೇ ಇರಲಿಲ್ಲ. 2000ದ ಹೊತ್ತಿಗೆ ಮರಾಠಿ ಮಾಧ್ಯಮದವರಿಗಿಂತ ಶೇ. 27ರಷ್ಟು ಜಾಸ್ತಿ. 2013ರ ಇನ್ನೊಂದು ಅಧ್ಯಯನ ಇಡೀ ದೇಶದ್ದು. ಇಂಗ್ಲಿಷ್ ಬಾರದ ಗಂಡಸರಿಗಿಂತ ಸಲೀಸಾಗಿ ಮಾತಾಡುವವರ ಗಳಿಕೆ ಶೇ. 34ರಷ್ಟು ಹೆಚ್ಚು. ಅಲ್ಪಸ್ವಲ್ಪ ಬರುವವರಿಗೂ ಶೇ. 13ರಷ್ಟು ಹೆಚ್ಚಿತ್ತು. ಅಂದರೆ ಪೂರ್ತಿ ಬರುವ ತನಕ ಕಾಯಬೇಕಿಲ್ಲ, ಅಲ್ವಾ? ಅದರಲ್ಲೂ ಡಿಗ್ರಿ, ಕೆಲಸದ ಅನುಭವ ಎರಡೂ ಆಕೆಯ ಕೈಯಲ್ಲಿವೆ.

ಬಳೆ ಅಡವಿಡಬೇಡಿ ಎಂದೆ. ಆ ಕ್ಲಾಸಿನಲ್ಲಿ ಕಸ್ಟಮ್ಸ್ ವಿಷಯ ಯಾರು ಹೇಳಿಕೊಡುತ್ತಾರೆ? ಆ ಹುಡುಗಿ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಕೂತು, ಕಿವಿಗೆ ಬಿದ್ದ ಮಾತು ಬರೆದುಕೊಳ್ಳಿ. “ಮಾಲು ಇನ್ನೂ ಕಸ್ಟಮ್ಸ್‌ನಲ್ಲಿದೆ.” “ಎರಡು ಕಾಗದದಲ್ಲಿ ತೂಕ ಬೇರೆ ಬೇರೆ ಇದೆ.” ತಿರುಗಿಸಿ ಮುರುಗಿಸಿ ಬರುವುದು ಇಂಥವೇ ಮಾತು. ಮನೆಯಲ್ಲಿ ಜೋರಾಗಿ ಓದಿ. ಅರ್ಥವಾಗದಿದ್ದರೆ ನಿಧಾನವಾಗಿ ಹೇಳಿ ಎಂದು ಕೇಳಿ. ಆ ಕಡೆಯ ಚೀನೀಯರೂ ಇಂಗ್ಲಿಷನ್ನು ಕಲಿತೇ ಮಾತಾಡುವವರು.

ಮಗಳ ಹತ್ತಿರ ಕನ್ನಡದಲ್ಲೇ ಮಾತಾಡಿ ಎಂದೂ ಹೇಳಿದೆ. ಶಾಲೆಯಲ್ಲಿ ಇಡೀ ದಿನ ಇಂಗ್ಲಿಷ್ ಇದ್ದೇ ಇದೆ.

ಮುಂದಿನ ಭೇಟಿಗೆ ನಗುತ್ತಾ ಬಂದರು. ತೂಕದ ತಪ್ಪನ್ನು ಫೋನಿನಲ್ಲಿ ತಾವೇ ಹೇಳಿ, ಹೊಸ ಇನ್‌ವಾಯ್ಸ್ ತರಿಸಿಕೊಂಡಿದ್ದರು. ಸಂಬಳದ ಮಾತು ಇನ್ನೂ ಆಗಿಲ್ಲ. ಹೀಗೆ ಸರಿಪಡಿಸಿದ ಕೇಸುಗಳ ಪಟ್ಟಿ ಹಿಡಿದುಕೊಂಡು, ಮಾರ್ಚ್‌ಗೆ ಮುಂಚೆ ಮಾಲೀಕರನ್ನು ಕೇಳಲು ಹೇಳಿದ್ದೇನೆ.